ಅವ್ವನ ಹನ್ನೊಂದು ಸೀರೆಯಿಂದ ಕೌದಿ: ಬಣ್ಣ, ಬಟ್ಟೆ ಹೇಗೆ ಆರಿಸಲಿ?

ಕೇಳಿದವರು, ಅಕ್ಕಲಕೋಟ

ಅವ್ವ ಹೋಗಿ ಒಂದು ವರ್ಷ ಆಯ್ತು. ಟ್ರಂಕಿನಲ್ಲಿ ಅವಳ ಹನ್ನೊಂದು ಸೀರೆ ಇವೆ. ನಾಲ್ಕು ಇಳಕಲ್, ಮೂರು ಸಾದಾ ಕಾಟನ್, ಎರಡು ಪಾಲಿಸ್ಟರ್, ಒಂದು ರೇಷ್ಮೆ, ಸಂಕ್ರಾಂತಿಗೆ ಉಡುತ್ತಿದ್ದ ಒಂದು ಕಪ್ಪು ಚಂದ್ರಕಾಳಿ. ಮಗಳು ಓದೋಕೆ ಪುಣೆಗೆ ಹೊರಟಿದ್ದಾಳೆ, ಅಜ್ಜಿ ಸೀರೆಯ ಕೌದಿ ಬೇಕು ಅಂತಾಳೆ. ಹಳೆ ಕೌದಿಯ ಹಾಗೆ ಕೈಗೆ ಸಿಕ್ಕ ತುಂಡು ಇಡುತ್ತಾ ಹೋಗಲಾ, ಇಲ್ಲಾ ಈಗಿನವರ ಹಾಗೆ ಚೌಕ ಚೌಕ ಬ್ಲಾಕ್ ಮಾಡಲಾ? ಯಾವ ಬಣ್ಣದ ಪಕ್ಕ ಯಾವುದು? ಕತ್ತರಿ ಹಿಡಿದರೆ ಕೈ ನಡುಗುತ್ತದೆ. ಮಾಡಿದವರು ಹೇಳಿ.

ಸೊಲ್ಲಾಪುರದಿಂದ

ನಾನು ಒಂಬತ್ತು ಕೌದಿ ಹೊಲಿದಿದ್ದೇನೆ. ಮೊದಲ ಮೂರರಲ್ಲಿ ಬಣ್ಣ ನೋಡಿ ಕೆಟ್ಟೆ. ಕೆಂಪು ಚೆಂದ, ಗಿಳಿ ಹಸಿರು ಚೆಂದ, ಎರಡೂ ಪಕ್ಕಪಕ್ಕ ಇಟ್ಟೆ. ದೂರದಿಂದ ನೋಡಿದರೆ ಎಲ್ಲಾ ಒಂದೇ ಮುದ್ದೆ. ಚೌಕವೇ ಕಾಣಲಿಲ್ಲ. ಯಾಕೆಂದರೆ ಎರಡರ ಗಾಢತನ ಒಂದೇ ಆಗಿತ್ತು. ಕೌದಿಯಲ್ಲಿ ಡಿಸೈನ್ ಎದ್ದು ಕಾಣುವುದು ಬಣ್ಣದಿಂದಲ್ಲ, ತಿಳಿ ಮತ್ತು ಗಾಢದ ಅಂತರದಿಂದ. ಇದೊಂದು ತಿಳಿದ ಮೇಲೆ ನನ್ನ ಕೆಲಸವೇ ಬದಲಾಯ್ತು.

ಆದ್ದರಿಂದ ಎಲ್ಲಾ ಸೀರೆ ನೆಲದ ಮೇಲೆ ಒಂದೊಂದು ಗೇಣು ಕಾಣುವಂತೆ ಮಡಚಿ ಸಾಲಾಗಿ ಇಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಯಾವುದು ತಿಳಿ, ಯಾವುದು ನಡುವೆ, ಯಾವುದು ಗಾಢ ಅಂತ ಥಟ್ಟನೆ ಗೊತ್ತಾಗುತ್ತದೆ. ಮೂರು ಗುಡ್ಡೆ ಮಾಡಿ. ತಿಳಿ ಬಟ್ಟೆ ಯಾವಾಗಲೂ ಕಡಿಮೆ ಬೀಳುತ್ತದೆ. ನಮ್ಮ ಅವ್ವಂದಿರು ಕೊಳೆ ಕಾಣದ ಬಣ್ಣವನ್ನೇ ಉಟ್ಟವರಲ್ವಾ? ಅಪ್ಪನ ಹಳೆ ಧೋತರ ಇದ್ದರೆ ಅದನ್ನೂ ತೆಗೆಯಿರಿ. ಬಿಳಿ ಧೋತರದಷ್ಟು ಒಳ್ಳೆಯ ತಿಳಿ ಬಟ್ಟೆ ಇಲ್ಲ.

ಆಮೇಲೆ ಬಟ್ಟೆಯ ಪರೀಕ್ಷೆ. ಕಿಟಕಿಗೆ ಹಿಡಿದು ನೋಡಿ. ಕೂತು ಎದ್ದು ಸವೆದ ಜಾಗದಲ್ಲಿ ನೂಲು ದೂರ ದೂರ ಆಗಿ ಬೆಳಕು ಬರುತ್ತದೆ. ಎರಡೂ ಕೈಯ ಹೆಬ್ಬೆರಳು ಕೂಡಿಸಿ ಮೆಲ್ಲಗೆ ಎಳೆಯಿರಿ. ಚರ್ ಅಂದರೆ ಆ ಭಾಗ ಮೇಲ್ಗಡೆ ಬೇಡ, ಒಳಪದರಕ್ಕೆ ಹಾಕಿ. ಗಟ್ಟಿ ಹೊಸ ಬಟ್ಟೆಯ ಪಕ್ಕ ಸವೆದ ಬಟ್ಟೆ ಹೊಲಿದರೆ ಎರಡು ಒಗೆತಕ್ಕೆ ಹೊಲಿಗೆಯ ಗುಂಟ ಹಳೆಯದು ಹರಿಯುತ್ತದೆ. ಪಾಲಿಸ್ಟರ್ ಬಿಟ್ಟುಬಿಡಿ. ಅದು ಸೂಜಿಯ ಕೆಳಗೆ ಜಾರುತ್ತದೆ, ಕಾಟನ್ನಿಗೆ ಬೇಕಾದ ಇಸ್ತ್ರಿಯ ಬಿಸಿಗೆ ಮುದುಡುತ್ತದೆ. ಅದರಲ್ಲಿ ಎರಡು ಚೀಲ ಹೊಲಿದುಕೊಡಿ. ರೇಷ್ಮೆ ಸೀರೆಗೆ ಕತ್ತರಿ ಹಾಕಬೇಡಿ, ಮಗಳು ಉಡಲಿ.

ಬ್ಲಾಕ್ ಯಾವುದು ಅಂತ ಕೇಳಿದ್ದೀರಿ. ಮೊದಲ ಸಲಕ್ಕೆ ಒಂಬತ್ತು ಮನೆಯ ಚೌಕ ಸಾಕು. 3½ ಇಂಚಿನ ಒಂಬತ್ತು ತುಂಡು, ಐದು ಗಾಢ, ನಾಲ್ಕು ತಿಳಿ. ತುಂಡಿನ ಪ್ರತಿ ಬದಿಯಲ್ಲಿ ಕಾಲು ಇಂಚು ಹೊಲಿಗೆಗೆ ಹೋದರೆ ಸಿದ್ಧ ಬ್ಲಾಕ್ 9 ಇಂಚು. ಅಡ್ಡಕ್ಕೆ 6, ಉದ್ದಕ್ಕೆ 9, ಒಟ್ಟು 54. ಅಷ್ಟಕ್ಕೂ ತುಂಡು ಜೋಡಿಸಬೇಡಿ, ಸಾಕಾಗಿ ಬಿಟ್ಟುಬಿಡುತ್ತೀರಿ. ಒಂದು ಬಿಟ್ಟು ಒಂದು 9½ ಇಂಚಿನ ಸಾದಾ ಚೌಕ ಇಡಿ. 27 ಹೊಲಿದರೆ ಆಯ್ತು. ಸುತ್ತ 3 ಇಂಚು ಸೀರೆಯ ಅಂಚು ಕೊಟ್ಟರೆ 60ಕ್ಕೆ 87 ಇಂಚು, ಹಾಸ್ಟೆಲ್ ಮಂಚಕ್ಕೆ ಧಾರಾಳ. ಸಾದಾ ಚೌಕಗಳಿಗೆ ಮೂರು ಕಾಟನ್ ಸೀರೆ ಬಳಸಿ. ಅಲ್ಲಿ ಕಣ್ಣಿಗೆ ಒಂಚೂರು ವಿಶ್ರಾಂತಿ ಬೇಕು.

ತ್ರಿಕೋನದ ಡಿಸೈನ್ ಈಗ ಬೇಡ. ಓರೆಯಾಗಿ ಕತ್ತರಿಸಿದ ಅಂಚು ಎಳೆದಷ್ಟೂ ಹಿಗ್ಗುತ್ತದೆ. ಹಳೆ ಸೀರೆಯಲ್ಲಂತೂ ಜಾಸ್ತಿ.

ಜತ್ತದಿಂದ

ಇಳಕಲ್ ಸೀರೆಯ ಬಗ್ಗೆ ಒಂದು ಮಾತು. ಅದರ ಒಡಲು ಕಾಟನ್ ಇದ್ದರೂ ಕೆಂಪು ಸೆರಗು ಬಹಳ ಸಲ ರೇಷ್ಮೆ ಇಲ್ಲವೇ ಆರ್ಟ್ ಸಿಲ್ಕ್ ಇರುತ್ತದೆ. ಎರಡೂ ಒಂದೇ ಅಂತ ಬೆರೆಸಬೇಡಿ. ಒಗೆದರೆ ಒಂದು ಕುಗ್ಗುತ್ತದೆ, ಒಂದು ಹಾಗೇ ಇರುತ್ತದೆ. ಕೆಂಪು ಬಣ್ಣ ಬಿಡುವುದೂ ಸೆರಗೇ. ನನ್ನ ಅತ್ತೆಯ ಸೆರಗಿನ ತುಂಡು ಬಿಳಿ ಧೋತರದ ಪಕ್ಕ ಇಟ್ಟಿದ್ದೆ. ಮೊದಲ ಒಗೆತಕ್ಕೇ ಧೋತರ ಗುಲಾಬಿ ಆಯ್ತು. ಉಪ್ಪಿನ ನೀರಲ್ಲಿ ನೆನೆಸಿದ್ದೆ, ನಿಲ್ಲಲಿಲ್ಲ. ಬಿಳಿ ಬಟ್ಟೆ ಒದ್ದೆ ಮಾಡಿ ಸೆರಗಿನ ಮೇಲೆ ಒತ್ತಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ ತಿಳಿ ಬಟ್ಟೆಯಿಂದ ದೂರ ಇಡಿ. ಚಂದ್ರಕಾಳಿಗೂ ಇದೇ ಪರೀಕ್ಷೆ.

ಒಡಲೂ ಸೆರಗೂ ಕೂಡುವ ಜಾಗ ಕತ್ತರಿಸಬೇಡಿ. ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಜಾಗ ಅದು. ಒಂದು ಸೀರೆಯದ್ದಾದರೂ ಕೌದಿಯ ನಡುವೆ ಇಡಿಯಾಗಿ ಕೂರಿಸಿ.

ಸೀರೆಯ ಅಂಚು ಉಳಿದರೆ ಲಾಗ್ ಕ್ಯಾಬಿನ್ ಅನ್ನುವ ಬ್ಲಾಕ್ ಮಾಡಿ. ನಡುವೆ ಒಂದು ಕೆಂಪು ಚೌಕ, ಸುತ್ತ ಪಟ್ಟಿ, ಎರಡು ಪಕ್ಕ ತಿಳಿ, ಎರಡು ಪಕ್ಕ ಗಾಢ. ಉದ್ದನೆ ಅಂಚಿಗೆ ಹೇಳಿ ಮಾಡಿಸಿದ ಬ್ಲಾಕ್.

ಇನ್ನೊಂದು. ಒಳಪದರಕ್ಕೆ ಹಳೆ ದಪ್ಪ ಸೊಲ್ಲಾಪುರ ಚಾದರ ಹಾಕುವ ಆಸೆ ಬೇಡ. ನಾನು ಹಾಕಿದ್ದೆ. ಸೂಜಿ ಇಳಿಯದೆ ಬೆರಳು ತೂತಾಯ್ತು. ಒಗೆದಾಗ ಒದ್ದೆ ಕೌದಿ ಎತ್ತೋಕೆ ಮೂರು ಜನ ಬೇಕಾಯ್ತು. ಸವೆದ ಸೀರೆಯ ಎರಡು ಪದರ ಸಾಕು.

ಗಡಹಿಂಗ್ಲಜದಿಂದ

ನಾನು ಬ್ಲಾಕ್ ಮಾಡಿಲ್ಲ, ಹಳೆ ಪದ್ಧತಿಯ ಕೌದಿಯೇ ನನ್ನದು. ತುಂಡಿನ ಅಂಚು ಒಳಗೆ ಮಡಚಿ ನೇರವಾಗಿ ಪದರದ ಮೇಲೇ ಹೊಲಿಯುತ್ತೇನೆ. ಅಳತೆ ತಪ್ಪಿದರೂ ನಡೆಯುತ್ತದೆ. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಹೆಂಗಸರು ಮೂಲೆಯಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನ ಇಡುತ್ತಾರೆ, ಫೂಲ ಅಂತಾರೆ ಅದಕ್ಕೆ. ಒಂದು ಸಲ ನೋಡಿ. ಕೈ ನಡುಗುವವರಿಗೆ ಈ ದಾರಿ ಸುಲಭ, ಒಂದೊಂದೇ ತುಂಡು ಕತ್ತರಿಸಿದರೆ ಆಯ್ತು.

ಅಕ್ಕಲಕೋಟದಿಂದ, ಎರಡು ದಿನದ ನಂತರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಫೋಟೋ ಕಪ್ಪು ಬಿಳುಪು ಮಾಡಿದೆ. ನಾಲ್ಕು ಇಳಕಲ್‌ನಲ್ಲಿ ಮೂರು ಒಂದೇ ಗಾಢ! ಅಪ್ಪನ ಎರಡು ಧೋತರ ಸಿಕ್ಕವು. ಚಂದ್ರಕಾಳಿ ಬಣ್ಣ ಬಿಡಲಿಲ್ಲ, ಒಂದು ಸೆರಗು ಬಿಟ್ಟಿತು. ಅದನ್ನು ಎತ್ತಿಟ್ಟಿದ್ದೇನೆ. ನಿನ್ನೆ ರಾತ್ರಿ ಮಗಳು ಪಕ್ಕ ಕೂತಳು, ಮೊದಲ ಚೌಕ ಅವಳ ಕೈಯಿಂದಲೇ ಕತ್ತರಿಸಿದೆವು. ಹೊಲಿಗೆ ದಾರ ಯಾವ ಬಣ್ಣದ್ದು ಹಾಕಲಿ?

ಸೊಲ್ಲಾಪುರದಿಂದ

ಬಿಳಿ ಹಾಕಿ, ಕೌದಿ ತುಂಬ ಒಂದೇ ದಾರ. ಕಪ್ಪಿನ ಮೇಲೆ ನಿಮ್ಮ ಹೊಲಿಗೆಯ ಟಾಕಿ ಒಂದೊಂದೂ ಕಾಣಲಿ.