ಗಂಟೆ ಲೆಕ್ಕವೋ, ಸಂಬಳದ ಲೆಕ್ಕವೋ? ಅಮೆರಿಕದ ವೆಲ್ಫೇರ್ ಅಳತೆಗೋಲಿನ ಚರ್ಚೆ

ಓಹಾಯೋ ಕನ್ನಡತಿ
ಇಲ್ಲಿನ ಒಂದು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಯಲ್ಲಿ ಒಂಬತ್ತು ವರ್ಷ ಕೇಸ್‌ವರ್ಕರ್ ಆಗಿದ್ದೆ. ವೆಲ್ಫೇರ್, ಅಂದರೆ ಬಡ ಕುಟುಂಬಗಳಿಗೆ ಸರ್ಕಾರ ಕೊಡುವ ನಗದು ನೆರವು, ಪಡೆಯುವ ತಾಯಂದಿರನ್ನು ಕೆಲಸಕ್ಕೆ ಹಚ್ಚುವುದು ನಮ್ಮ ಹೊಣೆ. ಆದರೆ ತಿಂಗಳ ಕೊನೆಗೆ ಮೇಲಿನವರು ಕೇಳುತ್ತಿದ್ದದ್ದು ಒಂದೇ ಮಾತು: ‘ಗಂಟೆ ಭರ್ತಿ ಆಯ್ತಾ?’

ಗೊತ್ತಿಲ್ಲದವರಿಗೆ ಹೇಳುತ್ತೇನೆ. 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನಿನ ಪ್ರಕಾರ, ನೆರವು ಪಡೆಯುವ ಕುಟುಂಬಗಳಲ್ಲಿ ಶೇ 50ರಷ್ಟು ವಾರಕ್ಕೆ 30 ಗಂಟೆ ಕೆಲಸದಲ್ಲೋ ಕೆಲಸದ ತಯಾರಿಯಲ್ಲೋ ಇದ್ದಾರೆ ಅಂತ ರಾಜ್ಯ ತೋರಿಸಬೇಕು. ಆರು ವರ್ಷದೊಳಗಿನ ಮಗುವಿರುವ ಒಂಟಿ ತಾಯಿಗೆ 20 ಗಂಟೆ. ತೋರಿಸದಿದ್ದರೆ ಕೇಂದ್ರದ ಅನುದಾನಕ್ಕೆ ಕತ್ತರಿ.

ನನ್ನ ಬಳಿ ಬರುತ್ತಿದ್ದ ಒಬ್ಬ ಹೆಣ್ಣುಮಗಳು ನರ್ಸಿಂಗ್ ಓದುತ್ತಿದ್ದಳು. ಪ್ರತಿ ವಾರ ಮೇಷ್ಟ್ರ ಸಹಿ ಹಾಕಿಸಿದ ಹಾಳೆ ತಂದುಕೊಡುತ್ತಿದ್ದಳು. ಮಡಿಕೆ ಬಿದ್ದು ಬಿದ್ದು ಹಾಳೆಯ ಅಂಚು ಬಟ್ಟೆಯ ಹಾಗೆ ಮೆತ್ತಗಾಗಿರುತ್ತಿತ್ತು. ವೃತ್ತಿ ಶಿಕ್ಷಣ ಪೂರ್ತಿ ಲೆಕ್ಕಕ್ಕೆ ಬರುವುದು ಜೀವಮಾನದಲ್ಲಿ 12 ತಿಂಗಳು ಮಾತ್ರ. ಹದಿಮೂರನೇ ತಿಂಗಳು ಅದೇ ಹಾಳೆಗೆ ನಾನು ಸೊನ್ನೆ ಅಂತ ಟೈಪ್ ಮಾಡಿದೆ. ಅವಳು ಓದು ಬಿಟ್ಟು ಬರ್ಗರ್ ಅಂಗಡಿ ಸೇರಿದಳು. ನಮ್ಮ ಪಟ್ಟಿಯಲ್ಲಿ ಅವತ್ತು ಅವಳು ‘ಯಶಸ್ವಿ’. ಆ ಸೊನ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ನೆರವು ನಿಂತ ಮೇಲೆ ಆರು ತಿಂಗಳಿಗೆ, ವರ್ಷಕ್ಕೆ ಕೆಲಸ ಉಳಿದಿದೆಯಾ, ಸಂಬಳ ಎಷ್ಟು? ಅಳೆಯುವುದಾದರೆ ಅದನ್ನು ಅಳೆಯಿರಿ.

ಬೆವರಿನ ಬೆಲೆ
‘ಗಂಟೆ ಭರ್ತಿ ಆಯ್ತಾ’ ಅಂತ ಕೇಳುವುದರಲ್ಲಿ ತಪ್ಪೇನು ಮೇಡಂ? ತೆರಿಗೆ ಕಟ್ಟುವವನನ್ನೂ ಅವನ ಕಂಪನಿ ಅದನ್ನೇ ಕೇಳುತ್ತದೆ. 1994ರಲ್ಲಿ ಸುಮಾರು 50 ಲಕ್ಷ ಕುಟುಂಬಗಳು ಈ ನೆರವಿನಲ್ಲಿದ್ದವು, 2000ದ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಕೌಂಟಿ ‘ಮೊದಲು ಕೆಲಸ ಹಿಡಿ’ ಅಂತ ಪಟ್ಟು ಹಿಡಿದು ಏನು ಮಾಡಿತು ನೋಡಿ. ಮೂರು ವರ್ಷದಲ್ಲಿ ಒಂಟಿ ಪೋಷಕರ ಗಳಿಕೆ ಶೇ 49 ಏರಿತು. ಹಾಕಿದ ಪ್ರತಿ ಡಾಲರಿಗೆ ಸರ್ಕಾರಕ್ಕೆ 2.84 ಡಾಲರ್ ವಾಪಸ್ ಬಂತು. ಎಂಡಿಆರ್‌ಸಿ ಅನ್ನುವ ಸಂಶೋಧನಾ ಸಂಸ್ಥೆಯ 1994ರ ವರದಿ, ಯಾರೋ ಬ್ಲಾಗಿನಲ್ಲಿ ಬರೆದದ್ದಲ್ಲ.

ಅಂಕಿಅಂಶ
‘ಅರ್ಧಕ್ಕಿಂತ ಕಡಿಮೆ’ ಅಂದಿರಲ್ಲ, ಬಡತನ ಅರ್ಧ ಆಯಿತಾ? 1996ರಲ್ಲಿ ಮಕ್ಕಳಿರುವ ನೂರು ಬಡ ಕುಟುಂಬಗಳಲ್ಲಿ 68ಕ್ಕೆ ಈ ನೆರವು ಸಿಗುತ್ತಿತ್ತು, 2020ರಲ್ಲಿ 21ಕ್ಕೆ. ಬಾಗಿಲು ಮುಚ್ಚಿದರೆ ಸಾಲು ಕಡಿಮೆ ಆಗೇ ಆಗುತ್ತದೆ. ಕಾನೂನು ಅದಕ್ಕೂ ಅಂಕ ಕೊಡುತ್ತದೆ: ನೆರವಿನ ಕುಟುಂಬಗಳ ಸಂಖ್ಯೆ ಶೇ 20 ಇಳಿದರೆ ರಾಜ್ಯದ ಗುರಿ 50ರಿಂದ 30ಕ್ಕೆ ಇಳಿಯುತ್ತದೆ. ಇಳಿದವರು ಕೆಲಸಕ್ಕೆ ಹೋದರೋ ಬೀದಿಗೆ ಬಿದ್ದರೋ, ಕೇಳುವವರಿಲ್ಲ.

ಬೆವರಿನ ಬೆಲೆ
ರಿವರ್‌ಸೈಡ್ ಬಗ್ಗೆ ಉಸಿರೇ ಎತ್ತಲಿಲ್ಲ ನೀವು. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದನ್ನು ಕಾರ್ಯಕ್ರಮಕ್ಕೆ ಸೇರಿಸಿ ಇನ್ನೊಂದನ್ನು ಹೊರಗಿಟ್ಟು ಹೋಲಿಸಿದ ಅಧ್ಯಯನ ಅದು.

ಅಂಕಿಅಂಶ
ಎತ್ತುತ್ತೇನೆ. ನೀವು ಮೂರನೇ ವರ್ಷಕ್ಕೇ ಪುಸ್ತಕ ಮುಚ್ಚಿಟ್ಟಿದ್ದೀರಿ. ಹಾಟ್ಜ್, ಇಂಬೆನ್ಸ್, ಕ್ಲೆರ್ಮನ್ ಅನ್ನುವ ಅರ್ಥಶಾಸ್ತ್ರಜ್ಞರು ಅದೇ ಜನರ ಒಂಬತ್ತು ವರ್ಷದ ದಾಖಲೆ ತೆಗೆದು 2006ರಲ್ಲಿ ಮರುಪರಿಶೀಲನೆ ಮಾಡಿದರು. ಅದೇ ಅಧ್ಯಯನದಲ್ಲಿದ್ದ, ತರಬೇತಿಗೆ ಒತ್ತು ಕೊಟ್ಟ ಲಾಸ್ ಏಂಜಲೀಸ್ ಮತ್ತು ಅಲಮೀಡ ಕೌಂಟಿಗಳ ಫಲ ನಿಧಾನಕ್ಕೆ ಬಂತು, ಆದರೆ ಬಂತು. ರಿವರ್‌ಸೈಡಿನ ಮುನ್ನಡೆ ವರ್ಷ ಕಳೆದಂತೆ ಕರಗಿತು.

ಹೊಳೆದಂಡೆ
22 ವರ್ಷದಿಂದ ರಿವರ್‌ಸೈಡಿನಲ್ಲೇ ಇದ್ದೇನೆ, ‘ಕರಗಿತು’ ಅನ್ನುವ ಮಾತು ಕೇಳಿ ಸುಮ್ಮನಿರಲು ಆಗಲಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಅದೇ ಕಾರ್ಯಕ್ರಮದಿಂದ ಗೋದಾಮಿನ ಕೆಲಸ ಹಿಡಿದವರು. ಎರಡು ಮಕ್ಕಳು, ಗಂಡ ಬಿಟ್ಟು ಹೋಗಿದ್ದ. ಮೊದಲ ಸಂಬಳದ ಚೀಟಿಯನ್ನು ಅಡುಗೆಮನೆ ಗೋಡೆಗೆ ಅಂಟಿಸಿದ್ದಾರೆ, ಹಳದಿಯಾಗಿದೆ, ಇವತ್ತಿಗೂ ತೆಗೆದಿಲ್ಲ. ಅದು ಕರಗಿಲ್ಲ ಸ್ವಾಮಿ.

ಅಂಕಿಅಂಶ
ಅಜ್ಜಿಗೆ ನನ್ನ ನಮಸ್ಕಾರ. ಆದರೆ ಒಬ್ಬರ ಕತೆಯಿಂದ ಕೌಂಟಿಯ ಅಳತೆ ಆಗುವುದಿಲ್ಲ. ಕಾರ್ಯಕ್ರಮವೇ ಇಲ್ಲದಿದ್ದರೂ ಅವರು ಕೆಲಸ ಹಿಡಿಯುತ್ತಿದ್ದರಾ ಅನ್ನುವುದು ಪ್ರಶ್ನೆ.

ಹೊಳೆದಂಡೆ
‘ಒಬ್ಬರ ಕತೆ’ ಅಂತ ಒಗೆದುಬಿಟ್ಟಿರಾ? ನರ್ಸಿಂಗ್ ಹುಡುಗಿಯದ್ದೂ ಒಬ್ಬರ ಕತೆಯೇ. ಅಲ್ಲಿ ಯಾಕೆ ಬಾಯಿ ಬಿಡಲಿಲ್ಲ?

ಬೆವರಿನ ಬೆಲೆ
ಸರಿಯಾಗಿ ಕೇಳಿದಿರಿ! ಇನ್ನೊಂದು. ಲಾಸ್ ಏಂಜಲೀಸ್, ಅಲಮೀಡದವರು ಸೇರಿಸಿಕೊಂಡದ್ದು ಬಹಳ ವರ್ಷದಿಂದ ನೆರವಿನಲ್ಲಿದ್ದವರನ್ನು ಮಾತ್ರ, ರಿವರ್‌ಸೈಡ್ ಹೊಸಬರನ್ನೂ ಸೇರಿಸಿತು. ಮಾವಿನಕಾಯಿಗೂ ಹುಣಸೆಕಾಯಿಗೂ ಒಂದೇ ತಕ್ಕಡಿ ಹಿಡಿದು ‘ಒಂಬತ್ತು ವರ್ಷ’ ಅಂದರೆ ನಂಬುವುದು ಹೇಗೆ?

ಅಂಕಿಅಂಶ
ಆ ವ್ಯತ್ಯಾಸವನ್ನು ಸರಿದೂಗಿಸುವುದಕ್ಕೇ ಆ ಮರುಪರಿಶೀಲನೆ ಮಾಡಿದ್ದು! ಓದದೆ ವಾದಿಸಬೇಡಿ. ನಿಮ್ಮ ಮಾತು ತಿರುಗಿ ನಿಮಗೇ ತಾಗುತ್ತದೆ. ಕೌಂಟಿಗಳ ಜನ ಬೇರೆ ಬೇರೆ ಅಂತ ಒಪ್ಪಿದ ಮೇಲೆ, ಎಲ್ಲ ರಾಜ್ಯಕ್ಕೂ ಒಂದೇ ಶೇ 50ರ ಕೋಲು ಹಿಡಿಯುವುದನ್ನು ಹೇಗೆ ಸಮರ್ಥಿಸುತ್ತೀರಿ?

ಬೆವರಿನ ಬೆಲೆ
‘ಓದದೆ’ ಅಂತ ನನಗೆ ಹೇಳಲು ನೀವು ಯಾರ್ರೀ? ಆ ಅಧ್ಯಯನದ ಆರೂ ಕೌಂಟಿಯ ಕೋಷ್ಟಕ ಬಾಯಿಪಾಠ ಇದೆ ನನಗೆ. ಮೂರು ವರ್ಷ ಅಂದರೆ ಒಂದು ಮಗು ಅಂಬೆಗಾಲಿಡುವುದರಿಂದ ಶಾಲೆ ಬಾಗಿಲಿಗೆ ಬರುವಷ್ಟು ಕಾಲ. ಆ ಮೂರು ವರ್ಷ ಮನೆಗೆ ಬಂದ ದುಡ್ಡು ನಿಮಗೆ ಲೆಕ್ಕಕ್ಕಿಲ್ಲವಾ?

ಶಿರಸಿ ಪೇಟೆ
ಊರಿನ ಮಾತು ಸ್ವಲ್ಪ ಸೇರಿಸಲಾ? ನಮ್ಮ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಭಾಷಣದಲ್ಲಿ ನಾನು ಕೇಳುವುದು ಫಲಾನುಭವಿಗಳ ಸಂಖ್ಯೆ. ಎರಡು ವರ್ಷ ಮುಗಿದ ಹುಡುಗರು ಎಲ್ಲಿದ್ದಾರೆ ಅಂತ ನಮ್ಮಲ್ಲೂ ಯಾರಾದರೂ ಬೆನ್ನು ಹತ್ತಿ ನೋಡಬೇಡವೇ?

ಬೆವರಿನ ಬೆಲೆ
ಯುವನಿಧಿಗೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ರಿವರ್‌ಸೈಡ್ ಇನ್ನೂ ಮುಗಿದಿಲ್ಲ.

ಓಹಾಯೋ ಕನ್ನಡತಿ
ನಾನು ಶುರು ಮಾಡಿದ ಮಾತು ರಿವರ್‌ಸೈಡ್ ಅಲ್ಲವೇ ಅಲ್ಲ! ಆದರೂ ಅಲ್ಲೇ ಇದ್ದೀರಾದ್ದರಿಂದ ಹೇಳುತ್ತೇನೆ. ಆಮೇಲೆ ದೇಶದ ಏಳು ಕಡೆ ಹನ್ನೊಂದು ಕಾರ್ಯಕ್ರಮಗಳನ್ನು ಹೀಗೇ ಗುಂಪು ಮಾಡಿ ಪರೀಕ್ಷಿಸಿದರು. ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದು ಆರೆಗಾನ್‌ನ ಪೋರ್ಟ್‌ಲ್ಯಾಂಡ್. ಅಲ್ಲಿನವರು ‘ಸಿಕ್ಕಿದ ಕೆಲಸಕ್ಕೆ ಬೀಳಬೇಡ, ಕನಿಷ್ಠ ವೇತನಕ್ಕಿಂತ ಮೇಲಿನದಕ್ಕೆ ಕಾಯಿ’ ಅಂತ ಹೇಳಿಕೊಡುತ್ತಿದ್ದರು, ಬೇಕಾದವರಿಗೆ ಸಣ್ಣ ಅವಧಿಯ ತರಬೇತಿಯನ್ನೂ ಕೊಡುತ್ತಿದ್ದರು.

ಬೆವರಿನ ಬೆಲೆ
‘ಕಾಯಿ’ ಅಂದರೆ ಕಾಯುವಷ್ಟು ದಿನ ಯಾರ ದುಡ್ಡು? ಪೋರ್ಟ್‌ಲ್ಯಾಂಡ್ ಕೂಡ ಒತ್ತು ಕೊಟ್ಟದ್ದು ಕೆಲಸಕ್ಕೇ, ಪಾಠಶಾಲೆಗಲ್ಲ. ಅದನ್ನು ನುಂಗಿಬಿಟ್ಟಿರಿ.

ಹೊಳೆದಂಡೆ
ಪೋರ್ಟ್‌ಲ್ಯಾಂಡ್ ಚೆನ್ನಾಗಿದ್ದ ಮಾತ್ರಕ್ಕೆ ನಮ್ಮೂರು ಸೋತಂತೆ ಅಲ್ಲ. ಅಂಕಿಅಂಶದವರು ‘ಕರಗಿತು’ ಅಂದದ್ದನ್ನು ವಾಪಸ್ ತೆಗೆದುಕೊಳ್ಳಲಿ.

ಅಂಕಿಅಂಶ
ತೆಗೆದುಕೊಳ್ಳುವುದಿಲ್ಲ. ದಾಖಲೆ ಹಾಗಿದೆ.

ಮೇಡಂ, ನಿಮ್ಮ ‘ಆರು ತಿಂಗಳ ಸಂಬಳ’ಕ್ಕೂ ನನ್ನ ತಕರಾರಿದೆ. 1980ರ ದಶಕದ ಕೇಂದ್ರದ ಉದ್ಯೋಗ ತರಬೇತಿ ಯೋಜನೆಯಲ್ಲಿ ಅಂಥದ್ದೇ ಅಳತೆ ಇತ್ತು. ಅರ್ಥಶಾಸ್ತ್ರಜ್ಞ ಹೆಕ್‌ಮನ್ ಮತ್ತು ಜೊತೆಯವರು ನೋಡಿದಾಗ, ಅಲ್ಪಕಾಲದ ಆ ಅಂಕಿಗಳಿಗೂ ದೀರ್ಘಕಾಲದ ನಿಜವಾದ ಲಾಭಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇರಲಿಲ್ಲ. ತಾನಾಗಿಯೇ ಕೆಲಸ ಹುಡುಕಿಕೊಳ್ಳುವವರನ್ನು ಸೇರಿಸಿಕೊಂಡರೆ ಯಾವ ಕಚೇರಿಯ ಅಂಕಿಯೂ ಚೆನ್ನಾಗೇ ಕಾಣುತ್ತದೆ.

ಓಹಾಯೋ ಕನ್ನಡತಿ
‘ಸೇರಿಸಿಕೊಂಡರೆ’ ಅಂತೀರಿ, ನಮಗೆ ಆರಿಸುವ ಹಕ್ಕೇ ಇರಲಿಲ್ಲ. ಬಾಗಿಲಿಗೆ ಬಂದವರೇ ನಮ್ಮವರು. ಯಾವ ಅಳತೆಯೂ ಸರಿಯಿಲ್ಲ ಅಂತ ನೀವು ಹೇಳಿದಷ್ಟು ದಿನವೂ ಉಳಿಯುವುದು ಗಂಟೆಯ ಹಾಳೆಯೇ. ಪ್ರತಿ ಕೌಂಟಿಯಲ್ಲೂ ಪ್ರತಿ ವರ್ಷ ಚೀಟಿ ಎತ್ತಿ ಎರಡು ಗುಂಪು ಮಾಡುತ್ತಾ ಕೂರಲು ಆಗುತ್ತಾ? 2023ರ ಕಾನೂನಿನಲ್ಲಿ ಐದು ರಾಜ್ಯಗಳವರೆಗೆ ಗಂಟೆ ಬಿಟ್ಟು ಫಲಿತಾಂಶ ಅಳೆಯಲು ಅವಕಾಶ ಕೊಟ್ಟರು. ಅದೇ ಕಾನೂನಿನಲ್ಲಿ ತಿಂಗಳಿಗೆ 35 ಡಾಲರಿಗಿಂತ ಕಡಿಮೆ ಹಣ ಕೊಟ್ಟು, ದುಡಿಯುತ್ತಿರುವ ಕುಟುಂಬಗಳನ್ನು ಪಟ್ಟಿಗೆ ಸೇರಿಸಿ ಅಂಕ ಹೆಚ್ಚಿಸಿಕೊಳ್ಳುವುದನ್ನೂ ನಿಲ್ಲಿಸಿದರು. ಕ್ಯಾಲಿಫೋರ್ನಿಯಾ 10 ಡಾಲರ್ ಕೊಟ್ಟು ಹೀಗೇ ಮಾಡುತ್ತಿತ್ತು. ಗಂಟೆಯ ಅಳತೆ ಇಟ್ಟಾಗ ಕೊನೆಗೆ ಆದದ್ದು ಇದು.

ಬೆವರಿನ ಬೆಲೆ
10 ಡಾಲರಿನ ಆಟ ತಪ್ಪು, ನಾನೂ ಬೇಡ ಅಂತೇನೆ. ಅದು ಆಡಿದವರ ತಪ್ಪು, ಗಂಟೆಯದ್ದಲ್ಲ. ಶೇ 49ಕ್ಕೆ ಮಾತ್ರ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಅಂಕಿಅಂಶ
ಕೊಟ್ಟಾಗಿದೆ. ಮೇಲೆ ಹೋಗಿ ಓದಿ.