ಪೂರ್ಣನಾದವನು ಸೃಷ್ಟಿಗೆ ಕೈ ಹಾಕುವುದೇಕೆ?

ಮಳಖೇಡದವ: 9ನೇ ಶತಮಾನದಲ್ಲಿ ನಮ್ಮ ಜೈನ ಗುರು ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದ 4ನೇ ಪರ್ವದಾಗ ಎರಡೇ ದಾರಿ ಬಿಟ್ಟಾರ. ಸೃಷ್ಟಿಕರ್ತ ಕೃತಾರ್ಥ, ಅಂದ್ರ ಪಡೀಬೇಕಾದ್ದು ಏನೂ ಉಳಿದಿಲ್ಲ ಅಂತೀರೋ, ಅವನಿಗೆ ಮಾಡಬೇಕೆಂಬ ಇಚ್ಛಾ ಹುಟ್ಟಾಕ ಕಾರಣ ಇಲ್ಲ. ಅಕೃತಾರ್ಥ ಅಂತೀರೋ, ಅವನು ಕುಂಬಾರನಂಗ. ಗಡಿಗಿ ಮಾಡ್ಯಾನು, ಜಗತ್ತು ಮಾಡಲಾರ. ಯಾವುದು ಬೇಕು ಹೇಳ್ರಿ.

ಉಡುಪಿ ಮಾಣಿ: ಇದಕ್ಕೆ ಬ್ರಹ್ಮಸೂತ್ರದಲ್ಲೇ ಉತ್ತರ ಉಂಟು ಮಾರಾಯ್ರೆ. 2ನೇ ಅಧ್ಯಾಯ, 1ನೇ ಪಾದ: 'ಲೋಕವತ್ತು ಲೀಲಾಕೈವಲ್ಯಮ್', ಲೋಕದಲ್ಲಿ ಕಾಣುವ ಹಾಗೆ ಸೃಷ್ಟಿ ಬರೀ ಲೀಲೆ. ಮಧ್ವಾಚಾರ್ಯರ ದೃಷ್ಟಾಂತ ನೋಡಿ. ಮತ್ತನಾದವನು ಸುಖ ಉಕ್ಕಿ ಕುಣಿಯುತ್ತಾನೆ, ಹಾಡುತ್ತಾನೆ, ಏನನ್ನೋ ಪಡೆಯಲಿಕ್ಕಲ್ಲ. ಕೊರತೆಯಿಂದ ಹುಟ್ಟಿದ ಕೆಲಸ ಬೇರೆ, ತುಂಬಿ ಚೆಲ್ಲಿದ್ದು ಬೇರೆ. 'ದೇವಸ್ಯೈಷ ಸ್ವಭಾವೋಽಯಮ್ ಆಪ್ತಕಾಮಸ್ಯ ಕಾ ಸ್ಪೃಹಾ' ಎಂದು ಶ್ರುತಿಯೇ, ಅಂದರೆ ವೇದವೇ, ಹೇಳುತ್ತದೆ. ಎಲ್ಲ ಪಡೆದವನಿಗೆ ಬಯಕೆ ಎಲ್ಲಿಯದು?

ಸೊನ್ನೆ: ಕುಡಿದವನ ಕುಣಿತ ಪೂರ್ಣತೆಗೆ ಉದಾಹರಣೆನಾ ಗುರು? ಬೆಳಗ್ಗೆ ಎದ್ದು ಅವನೇ ಒಪ್ಪಲ್ಲ.

ಉಡುಪಿ ಮಾಣಿ: 'ಮತ್ತ' ಅಂದ ಕೂಡಲೇ ಗಡಂಗಿಗೆ ಓಡಬೇಡಿ. ದೃಷ್ಟಾಂತದಲ್ಲಿ ತೆಗೆದುಕೊಳ್ಳುವುದು ಒಂದೇ ಅಂಶ. ಚಂದ್ರನಂಥ ಮುಖ ಅಂದರೆ ಮುಖದಲ್ಲಿ ಕಲೆ ಹುಡುಕುತ್ತೀರಾ?

ತುಂಗಾತೀರ: ಸಣ್ಣ ತಿದ್ದುಪಡಿ. 'ದೇವಸ್ಯೈಷ ಸ್ವಭಾವಃ' ಶ್ರುತಿಯಲ್ಲ. ಅದು ಅದ್ವೈತದ ಹಿರಿಯ ಗುರು ಗೌಡಪಾದರು ಮಾಂಡೂಕ್ಯೋಪನಿಷತ್ತಿನ ಮೇಲೆ ಬರೆದ ಕಾರಿಕೆ (ವಿವರಣೆಯ ಶ್ಲೋಕ), ಆಗಮ ಪ್ರಕರಣದ, ಅಂದರೆ ಮೊದಲ ಭಾಗದ, 9ನೆಯದು. ಮಾಂಡೂಕ್ಯೋಪನಿಷತ್ತಿನಲ್ಲಿರುವುದು 12 ಮಂತ್ರ, ಅಷ್ಟೇ.

ಉಡುಪಿ ಮಾಣಿ: ಆ ಪ್ರಕರಣದ 29 ಶ್ಲೋಕಗಳೂ ಉಪನಿಷತ್ತಿನವೇ. ಮಂತ್ರಗಳ ನಡುವೆ 'ಅತ್ರೈತೇ ಶ್ಲೋಕಾ ಭವಂತಿ' (ಇಲ್ಲಿ ಈ ಶ್ಲೋಕಗಳಿವೆ) ಎಂದು ಹೇಳಿಯೇ ಅವು ಬರುತ್ತವೆ. ತೈತ್ತಿರೀಯ ಉಪನಿಷತ್ತಿನಲ್ಲಿ 'ತದಪ್ಯೇಷ ಶ್ಲೋಕೋ ಭವತಿ' ಎಂದು ಬಂದದ್ದು ನಿಮಗೆ ಶ್ರುತಿ, ಇಲ್ಲಿ ಬಂದದ್ದು ಅಲ್ಲವಾ?

ತುಂಗಾತೀರ: ಶಂಕರರ ಬ್ರಹ್ಮಸೂತ್ರಭಾಷ್ಯ 2.1.9 ತೆಗೆಯಿರಿ. 'ಅನಾದಿಮಾಯಯಾ ಸುಪ್ತೋ' ಶ್ಲೋಕವನ್ನು ಉದ್ಧರಿಸಿದ್ದಾರೆ. ಅದೇ ಪ್ರಕರಣದ 16ನೆಯದು. ಯಾರ ಮಾತು ಎಂದಿದ್ದಾರೆ? ವೇದಾಂತದ ಸಂಪ್ರದಾಯ ಬಲ್ಲ 'ಆಚಾರ್ಯೈಃ' ಹೇಳಿದ್ದು ಅಂತ. ಶ್ರುತಿಯನ್ನು ಯಾರಾದರೂ ಆಚಾರ್ಯರ ಮಾತು ಎನ್ನುತ್ತಾರೆಯೇ?

ಉಡುಪಿ ಮಾಣಿ: 'ಆಚಾರ್ಯೈಃ' ಬಹುವಚನ. ಗೌಡಪಾದರ ಹೆಸರು ಎಲ್ಲುಂಟು ಅಲ್ಲಿ?

ತುಂಗಾತೀರ: ನೀವೂ 'ಮಧ್ವಾಚಾರ್ಯರು' ಎಂದು ಬರೆದಿರಿ. ಎಷ್ಟು ಜನ ಇದ್ದರು?

ಉಡುಪಿ ಮಾಣಿ: ಅಣಕ ಬೇಡ. ಆಚಾರ್ಯರ ಹೆಸರು ಹಿಡಿದು ತಮಾಷೆ ಮಾಡುವುದಾದರೆ ನಿಮ್ಮ ಹತ್ತಿರ ಮಾತೇ ಇಲ್ಲ.

ತುಂಗಾತೀರ: ವ್ಯಾಕರಣ ಹೇಳಿದೆ, ತಮಾಷೆಯಲ್ಲ.

ಮಳಖೇಡದವ: ಇಬ್ಬರೂ ಶ್ಲೋಕದ ಅಪ್ಪ ಯಾರು ಅಂತ ಹುಡುಕ್ಕೋತ ಕುಂತೀರಿ. ಯಾರದರೆ ಇರವಲ್ಲದ್ಯಾಕ, ಅದರಾಗ 'ಸ್ವಭಾವ' ಅಂತ ಅದ ನೋಡ್ರಿ. ಸುಡೂದು ಬೆಂಕಿ ಸ್ವಭಾವ. ಅಷ್ಟಕ್ಕ ಬೆಂಕಿಗಿ ಬುದ್ಧಿವಂತ ಕರ್ತೃ ಅಂತೀರೇನು? ಜಿನಸೇನರು ಇದನ್ನೂ ಬಿಟ್ಟಿಲ್ಲ. ಪ್ರಯೋಜನ ಇಲ್ಲದ ಸ್ವಭಾವದಿಂದ ಮಾಡಿದ ಅಂದ್ರ ಸೃಷ್ಟಿ ನಿರರ್ಥಕ, ಆಟ ಅಂದ್ರ ತಿಳಿಗೇಡಿ ಕೂಸಿನ ಆಟ.

ತುಂಗಾತೀರ: ಬೆಂಕಿಯೇ ಯಾಕೆ? ಶಂಕರರು ಕೊಟ್ಟದ್ದು ಉಸಿರಾಟ. ಹೊರಗಿನ ಯಾವ ಪ್ರಯೋಜನವನ್ನೂ ಲೆಕ್ಕ ಹಾಕದೆ ಚೇತನನೇ ಉಸಿರಾಡುತ್ತಾನೆ. ಅದರ ಮೇಲೆ, ಸೃಷ್ಟಿ ಹೇಳುವ ಶ್ರುತಿ ಪರಮಾರ್ಥದ, ಅಂದರೆ ಕೊನೆಯ ಸತ್ಯದ, ಮಾತಲ್ಲ ಎಂದೂ ಅಲ್ಲೇ ಸೇರಿಸಿದ್ದಾರೆ. ಹಾಗಾಗಿ ನಮಗೆ ತೊಡಕೇ ಇಲ್ಲ.

ಸೊನ್ನೆ: ಸಾಲ ತೀರಿಸಿ ಅಂದ್ರೆ ಖಾತೆ ಪುಸ್ತಕ ಸುಟ್ಟು 'ಬಾಕಿ ಇಲ್ಲ' ಅಂದಂಗಾಯ್ತು.

ಮೇಲುಕೋಟೆ: ಅದೇ ಸೂತ್ರಕ್ಕೆ ರಾಮಾನುಜರು ಬರೆದ ಶ್ರೀಭಾಷ್ಯದಲ್ಲಿ ಕುಡಿತವೂ ಇಲ್ಲ, ಉಸಿರೂ ಇಲ್ಲ. ಸಪ್ತದ್ವೀಪಗಳ ಭೂಮಿಯನ್ನು ಆಳುವ ಮಹಾರಾಜ ಚೆಂಡಾಡುತ್ತಾನೆ. ಅವನಿಗೆ ಏನು ಕಡಿಮೆ?

ಮಳಖೇಡದವ: ಅಲ್ಲಿರೂ ಪದ ಪೂರಾ ಓದ್ರಿ: 'ಕೇವಲಲೀಲೈಕಪ್ರಯೋಜನ', ಲೀಲೆ ಒಂದೇ ಪ್ರಯೋಜನ. ಪ್ರಯೋಜನ ಅಂತ ರಾಮಾನುಜರೇ ಬರದಾರ! ಬ್ಯಾಸರ ಕಳೀಲಿಕ್ಕೆ ಚೆಂಡು ಬೇಕಾದ ರಾಜ ಪೂರ್ಣ ಹೆಂಗಾದ? ಕುಮಾರಿಲ ಭಟ್ಟರು ಶ್ಲೋಕವಾರ್ತಿಕದಾಗ ಒಂದೇ ಏಟಿಗಿ ಮುಗಿಸ್ಯಾರ: 'ಕ್ರೀಡಾರ್ಥಾಯಾಂ ಪ್ರವೃತ್ತೌ ಚ ವಿಹನ್ಯೇತ ಕೃತಾರ್ಥತಾ'. ಆಟಕ್ಕ ಮಾಡಿದ ಅಂದ್ರ ಕೃತಾರ್ಥತೆ ಹೋಯ್ತು. ಅವರು ಜೈನರಲ್ಲ, ವೇದಕ್ಕ ಪ್ರಾಣ ಕೊಡೋ ಮೀಮಾಂಸಕರು.

ಉಡುಪಿ ಮಾಣಿ: ಕುಮಾರಿಲರು ಪ್ರಮಾಣವಾ? ಒಳ್ಳೆಯದಾಯಿತು. ಅದೇ ಶ್ಲೋಕವಾರ್ತಿಕದಲ್ಲಿ ಜೈನರ ಕೇವಲಜ್ಞಾನವನ್ನೂ, ಎಂದರೆ ಎಲ್ಲವನ್ನೂ ಅರಿಯುವ ಜ್ಞಾನವನ್ನೂ, ತಳ್ಳಿಹಾಕಿದ್ದಾರೆ. ಅದನ್ನೂ ಒಪ್ಪುತ್ತೀರಲ್ಲ?

ಮಳಖೇಡದವ: ಅದು ಬ್ಯಾರೆ ವಿಷಯ.

ಉಡುಪಿ ಮಾಣಿ: ಹೌದು, ನಿಮಗೆ ಬೇಡದ್ದೆಲ್ಲ ಬೇರೆ ವಿಷಯವೇ!

ಸೊನ್ನೆ: ಯಾಕೆ ಮಾಡಿದ ಅನ್ನೋದು ಬಿಡಿ, ಹೀಗ್ಯಾಕೆ ಮಾಡಿದ? ಒಬ್ಬ ಹುಟ್ಟುಕುರುಡ, ಇನ್ನೊಬ್ಬ ಅರಮನೇಲಿ ಹುಟ್ತಾನೆ. ಪಕ್ಷಪಾತ, ನಿರ್ದಯ ಎರಡೂ ಅಂಟ್ಕೊಳ್ಳುತ್ತೆ.

ತುಂಗಾತೀರ: ಶಂಕರಭಾಷ್ಯದ ಎಣಿಕೆಯಲ್ಲಿ 2.1.34, 'ವೈಷಮ್ಯನೈರ್ಘೃಣ್ಯೇ ನ ಸಾಪೇಕ್ಷತ್ವಾತ್': ಅವನು ಕರ್ಮವನ್ನು ನೋಡಿ ನಡೆಯುವುದರಿಂದ ಪಕ್ಷಪಾತವೂ ನಿರ್ದಯೆಯೂ ಇಲ್ಲ. ಮಳೆ ಎಲ್ಲ ಬೆಳೆಗೂ ಸಮಾನ ಕಾರಣ. ಭತ್ತ, ಜವೆ ಎಂಬ ಭೇದ ಬೀಜದ್ದು. ಹಾಗೆ ಜೀವರ ಭೇದ ಕರ್ಮದ್ದು. ಮೊದಲ ಕರ್ಮ ಎಲ್ಲಿಂದ ಬಂತು ಎಂದರೆ ಮುಂದಿನ ಸೂತ್ರದಲ್ಲೇ ಉತ್ತರವಿದೆ, ಸಂಸಾರ ಅನಾದಿ.

ಸೊನ್ನೆ: ಅಂದ್ರೆ ಬೀಜ ಮಳೆ ಮಾಡಿದ್ದಲ್ಲ. ದೇವರು ಮಾಡದೇ ಇದ್ದದ್ದು, ಅವನೇ ನೋಡಿ ನಡೀಬೇಕಾದ್ದು ಒಂದು ಉಳೀತು. ಸರ್ವಶಕ್ತಿಗೆ ಅಲ್ಲೇ ಕತ್ತರಿ.

ಉಡುಪಿ ಮಾಣಿ: ಕತ್ತರಿ ಇಲ್ಲ. ಭಾಗವತ 2ನೇ ಸ್ಕಂಧ: ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ ಎಲ್ಲ ಅವನ ಅನುಗ್ರಹದಿಂದ ಉಂಟು, ಅವನು ಉಪೇಕ್ಷಿಸಿದರೆ ಇಲ್ಲ. ಕರ್ಮದ ಇರವೂ ಅವನ ಅಧೀನ.

ಸೊನ್ನೆ: ಹಾಗಾದ್ರೆ ಕುರುಡನ ಕರ್ಮವನ್ನ ಇರೋಕೆ ಬಿಟ್ಟಿದ್ದೂ ಅವನೇ. ಆರೋಪ ಸುತ್ತಿ ಬಳಸಿ ಮತ್ತೆ ಅವನ ತಲೆಗೇ ಬಂತಲ್ಲ ಗುರು.

ಮೇಲುಕೋಟೆ: 'ಸುತ್ತಿ ಬಳಸಿ' ಎಂಬುದಕ್ಕೆ ಆಧಾರ ಕೊಡಿ.

ಸೊನ್ನೆ: ಮೇಲಿನ ಎರಡು ಉತ್ತರ ಓದಿ.

ತುಂಗಾತೀರ: ಮಾಣಿಯವರೇ, ಒಂದು ಉಳಿಯಿತು. ಉಳಿದ ಮೂರು ಪ್ರಕರಣಗಳಲ್ಲಿ 38, 48, 100 ಕಾರಿಕೆಗಳಿವೆ. ಅವು ಶ್ರುತಿಯಲ್ಲ, ಮೊದಲ 29 ಮಾತ್ರ ಶ್ರುತಿ, ಅಲ್ಲವೇ?

ಉಡುಪಿ ಮಾಣಿ: ಮಾತಿಲ್ಲ ಎಂದಿದ್ದೆ. ಆದರೂ ಹೇಳುತ್ತೇನೆ. ಉಪನಿಷತ್ತಿನ ಗದ್ಯ ಹೆಣೆದುಕೊಂಡು ಬರುವುದು ಮೊದಲ ಪ್ರಕರಣದಲ್ಲಿ ಮಾತ್ರ. ಉಳಿದ ಮೂರರಲ್ಲಿ ಒಂದು ಸಾಲೂ ಇಲ್ಲ.

ತುಂಗಾತೀರ: ವ್ಯಾಖ್ಯಾನವನ್ನು ಮೂಲದ ನಡುನಡುವೆ ಜೋಡಿಸಿಟ್ಟರೆ ಹೆಣೆದುಕೊಂಡೇ ಕಾಣುತ್ತದೆ.

ಉಡುಪಿ ಮಾಣಿ: ಜೋಡಿಸಿಟ್ಟದ್ದು ಯಾರು? ಹೆಸರು ಹೇಳಿ.