ಜರ್ಮನಿಗೆ ಎರಡು ವರ್ಷ, ಜೋಡಿಯಾಗಿ ಹೋಗಿ ಬಂದವರು ನಿಮ್ಮ ಅನುಭವ ಹೇಳಿ

ವಾಕಡ್:
ಎಲ್ಲರಿಗೂ ನಮಸ್ಕಾರ. ನಾವು ಪುಣೆಯ ವಾಕಡ್‌ನವರು. ನಮ್ಮ ಯಜಮಾನರಿಗೆ ಚಾಕಣ್ ಕಂಪನಿಯಿಂದ ಸ್ಟುಟ್‌ಗಾರ್ಟ್‌ನಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ, ಬ್ಲೂ ಕಾರ್ಡ್ ಅನ್ನೋ ಕೆಲಸದ ಪರವಾನಗಿ ಮೇಲೆ. ನಾನು ಇಲ್ಲಿ ಸಹಕಾರಿ ಬ್ಯಾಂಕಿನಲ್ಲಿದ್ದೇನೆ. ಅಷ್ಟು ಉದ್ದ ರಜೆ ಸಿಗುವುದಿಲ್ಲ, ಹೋಗಬೇಕೆಂದರೆ ರಾಜೀನಾಮೆಯೇ ಗತಿ. ಎರಡು ಪ್ರಶ್ನೆ. ನಾನೂ ಜೊತೆಗೇ ಹೊರಡಲಾ, ಇಲ್ಲ ಆರು ತಿಂಗಳು ಬಿಟ್ಟು ಹೋಗಲಾ? ನಮ್ಮ ಫ್ಲ್ಯಾಟ್ ಬಾಡಿಗೆಗೆ ಕೊಡೋದಾ, ಬೀಗ ಹಾಕೋದಾ?

ಕೋಥ್ರೂಡ್:
ಬಾಡಿಗೆಗೆ ಕೊಡಬೇಡಿ. ನಾವು ಮ್ಯೂನಿಕ್‌ಗೆ ಹೋಗುವಾಗ 26,000ಕ್ಕೆ ಕೊಟ್ಟೆವು. ಏಜೆಂಟ್ ಒಂದು ತಿಂಗಳ ಬಾಡಿಗೆ ತಗೊಂಡ. ಲೀವ್ ಅಂಡ್ ಲೈಸೆನ್ಸ್ ಕರಾರು, ಪೊಲೀಸ್ ವೆರಿಫಿಕೇಶನ್ ಎಲ್ಲ ಇದ್ದದ್ದೇ, ಅದನ್ನು ಬಿಡಿ. ನೀವು ಎನ್‌ಆರ್‌ಐ ಆದ ಮೇಲೆ ಬಾಡಿಗೆದಾರ 31.2 ಪರ್ಸೆಂಟ್ ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಬಾಡಿಗೆ ಎಷ್ಟೇ ಕಮ್ಮಿ ಇದ್ದರೂ ಬಿಡುವಂತಿಲ್ಲ. ಅದಕ್ಕೆ ಅವನು ಟ್ಯಾನ್ ಅಂತ ಟಿಡಿಎಸ್ ಕಟ್ಟುವವರ ನಂಬರ್ ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ಟಿಡಿಎಸ್ ರಿಟರ್ನ್ ತುಂಬಬೇಕು. ಇದು ಕಿವಿಗೆ ಬಿದ್ದ ಕೂಡಲೇ ಒಳ್ಳೆಯ ಕುಟುಂಬಗಳು ಎದ್ದು ಹೋದವು. ಕೊನೆಗೆ ಬಂದವನು ಹೂಂ ಅಂದ, ದುಡ್ಡು ಹಿಡಿದುಕೊಂಡ, ಆದರೆ ಕಟ್ಟಲೇ ಇಲ್ಲ. ಬಾಡಿಗೆಯ ಸುಮಾರು ಮೂರನೇ ಒಂದು ಪಾಲು ಅವನ ಜೇಬಿಗೇ ಹೋಯಿತು!

ಮೇಲಿಂದ ಸೊಸೈಟಿಯವರು, ಮಾಲೀಕರು ತಾವಿರದೆ ಬಾಡಿಗೆಗೆ ಕೊಟ್ಟದ್ದಕ್ಕೆ ನಾನ್ ಆಕ್ಯುಪೆನ್ಸಿ ಚಾರ್ಜ್ ಅಂತ ತಿಂಗಳಿಗೆ 2,000 ಹಾಕಿದರು. ಮಹಾರಾಷ್ಟ್ರದಲ್ಲಿ ಅದು ಸರ್ವಿಸ್ ಚಾರ್ಜಿನ 10 ಪರ್ಸೆಂಟ್ ಮೀರುವಂತಿಲ್ಲ. ನಮ್ಮದು 2,400, ಅಂದರೆ 240 ರೂಪಾಯಿ ಹಾಕಬೇಕಿತ್ತು. ಮ್ಯೂನಿಕ್‌ನಲ್ಲಿ ಕೂತು ಮೇಲ್ ಮೇಲೆ ಮೇಲ್ ಬರೆದೆ, ಉತ್ತರವಿಲ್ಲ. ಅಷ್ಟರಲ್ಲಿ ನಮ್ಮ ಬಚ್ಚಲಿನ ನೀರು ಇಳಿದು ಕೆಳಗಿನ ಮನೆಯ ಸೀಲಿಂಗ್ ಉದುರಿತು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಪ್ಲಂಬರ್ ಜೊತೆ ವಿಡಿಯೋ ಕಾಲ್. ಟೈಲ್ಸ್ 14,500, ವಾಟರ್‌ಪ್ರೂಫಿಂಗ್ 11,000, ಕೆಳಗಿನವರ ಪಿಒಪಿ ಮತ್ತು ಬಣ್ಣ 12,800. ಒಟ್ಟು 38,300. ಬಾಡಿಗೆದಾರ ಒಂದು ಪೈಸೆ ಕೊಡಲಿಲ್ಲ. ಬೀಗ ಹಾಕಿ, ನೆಮ್ಮದಿಯಾಗಿ ಹೋಗಿ.

ಡೊಂಬಿವಲಿ:
ಕೋಥ್ರೂಡ್‌ನವರೇ, ಅರ್ಧ ಹೇಳಿ ಹೆದರಿಸಬೇಡಿ. ಟಿಡಿಎಸ್ ಹೋದ ದುಡ್ಡಲ್ಲ ಅಲ್ವಾ? ಸರಿಯಾಗಿ ಕಟ್ಟಿದ್ದರೆ ರಿಟರ್ನ್ ಹಾಕಿದಾಗ ಹೆಚ್ಚಿಗೆ ಹೋದದ್ದು ವಾಪಸ್ ಬರುತ್ತೆ. ಕಮ್ಮಿ ಹಿಡಿಯಲಿ ಅಂತ ಮೊದಲೇ ಸರ್ಟಿಫಿಕೇಟ್ ಕೂಡ ತಗೋಬಹುದು.

ಬೀಗ ಹಾಕಿದವಳು ನಾನು. ಎರಡು ಮಳೆಗಾಲ ಮನೆ ಮುಚ್ಚಿತ್ತು. ವಾಪಸ್ ಬಂದು ಬೀರು ತೆಗೆದರೆ ರೇಷ್ಮೆ ಸೀರೆಗಳ ಮಡಿಕೆಯ ಗೆರೆಗುಂಟ ಬೂಷ್ಟು. ಅಮ್ಮ ಕೊಟ್ಟ ಇಳಕಲ್ ಸೀರೆ ಕೈಯಲ್ಲಿ ಹಿಡಿದರೆ ಸೆರಗು ಬೇರೆ, ಒಡಲು ಬೇರೆ ಆಯಿತು. ಅಡುಗೆಮನೆಯ ಪ್ಲೈವುಡ್‌ಗೆ ಗೆದ್ದಲು, ಬಾಗಿಲು ಮುಟ್ಟಿದರೆ ಪುಡಿ. ಹೊಸದು ಮಾಡಿಸಲು 1,65,000. ಇನ್ವರ್ಟರ್ ಬ್ಯಾಟರಿ ಸತ್ತಿತ್ತು, 13,000. ಮೇಂಟೆನೆನ್ಸ್ ಅಂತೂ ತಿಂಗಳು ತಿಂಗಳು ಕಟ್ಟಿದ್ದೇ. ನಿಮ್ಮ 38,300ಕ್ಕೆ ಇಷ್ಟು ಗೋಳಾ?

ಕೋಥ್ರೂಡ್:
ಅವನು ಕಟ್ಟದೇ ಇದ್ದದ್ದು ವಾಪಸ್ ಹೇಗೆ ಬರುತ್ತೆ, ಅದನ್ನು ಹೇಳಿ. ನನ್ನ ಲೆಕ್ಕ ಮೊದಲು ಪೂರ್ತಿ ಓದಿ.

ಮಾಟುಂಗ:
ನೀವಿಬ್ಬರೂ ಪುಣೆ ಡೊಂಬಿವಲಿ ಬಿಟ್ಟು ಮುಂದೆ ಹೋಗಿ ಮಾರಾಯ್ರೇ. ಜರ್ಮನಿಯಲ್ಲಿ ಬಾಡಿಗೆ ಮನೆ ಅಂದರೆ ಎಷ್ಟೋ ಕಡೆ ಅಡುಗೆಕಟ್ಟೆಯೇ ಇರುವುದಿಲ್ಲ. ನಮ್ಮ ಮನೆಯಲ್ಲಿ ಸಿಂಕ್ ಇಲ್ಲ, ಒಲೆ ಇಲ್ಲ, ಲೈಟ್ ಇರಬೇಕಾದ ಕಡೆ ಬರೀ ವೈರ್. ಹಿಂದಿನ ಬಾಡಿಗೆದಾರರ ಕಿಚನ್ 1,700 ಯೂರೋಗೆ ಕೊಂಡೆವು, ಬಿಟ್ಟು ಬರುವಾಗ 350ಕ್ಕೆ ಹೋಯಿತು. ಅದರ ಜೊತೆ ಮೂರು ತಿಂಗಳ ಬಾಡಿಗೆ ಡೆಪಾಸಿಟ್. ಮೊದಲ ತಿಂಗಳ ಸಂಬಳ ಕೈಗೆ ಬರುವ ಮೊದಲೇ ಖಾಲಿ.

ಮಿಕ್ಸಿ ಒಯ್ಯಿರಿ. ಅಲ್ಲೂ 230 ವೋಲ್ಟ್, ಪ್ಲಗ್ ಮಾತ್ರ ಬೇರೆ. ಇಂಡಕ್ಷನ್ ಒಲೆಯ ಮೇಲೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗುವುದಿಲ್ಲ, ತಳ ನೋಡಿ ಒಯ್ಯಿರಿ. ಹಾಲಿನ ಪದಾರ್ಥ ಒಂದೂ ಬೇಡ. ಫ್ರಾಂಕ್‌ಫರ್ಟ್‌ನಲ್ಲಿ ಧಾರವಾಡ ಪೇಢೆ, ಮನೆಯ ತುಪ್ಪ ಎರಡನ್ನೂ ನಮ್ಮ ಕಣ್ಣೆದುರೇ ಕಸದ ಡಬ್ಬಕ್ಕೆ ಹಾಕಿದರು. ಹೊರಗಿನ ದೇಶದ ಹಾಲು, ಮಾಂಸ ಒಳಗೆ ತರುವಂತಿಲ್ಲ ಅಂತ ಅಲ್ಲಿಯ ಕಾನೂನು. ಕರಿಬೇವಿಗೂ ಸರ್ಟಿಫಿಕೇಟ್ ಬೇಕು.

ನಿಗಡಿ:
ತಂಗಿ, ಪೇಢೆ ಕುಕ್ಕರ್ ಆಮೇಲೆ. ಮೊದಲು ನಿನ್ನ ಕೆಲಸದ ಮಾತು. ನಾನು ಲ್ಯಾಬ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಜೊತೆಗೇ ಹೋದೆ. ಬ್ಲೂ ಕಾರ್ಡ್ ಇದ್ದವರ ಹೆಂಡತಿಗೆ ವೀಸಾಕ್ಕೆ ಜರ್ಮನ್ ಭಾಷೆಯ ಮೊದಲ ಹಂತದ ಎ1 ಪರೀಕ್ಷೆ ಬೇಡ, ಕೆಲಸ ಮಾಡಲೂ ಮೊದಲ ದಿನದಿಂದ ಅನುಮತಿ. ಆದರೆ ಭಾಷೆ ಬರದಿದ್ದರೆ ಆ ಅನುಮತಿ ತಗೊಂಡು ಏನು ಮಾಡೋದು? ಮೊದಲ ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲೆ, ಇವರು ಬರುವವರೆಗೆ ಮಾತಾಡಲು ಒಂದು ಜೀವ ಇಲ್ಲ. ಬಿ1 ಮುಗಿಸಿದೆ, ಬಿ2 ಮುಗಿಸಿದೆ, ಆಮೇಲೆ ಅಲ್ಲಿಯದೇ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದೆ. ಹೋಗು, ಆದರೆ ಈಗಲೇ ಜರ್ಮನ್ ಕಲಿಸುವ ಬೋಟ್ ಕ್ಲಬ್ ರೋಡಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಸೇರು.

ಡೊಂಬಿವಲಿ:
ಎಲ್ಲರಿಗೂ ನಿಮ್ಮ ಹಾಗೆ ಆಗಲ್ಲ ಅಕ್ಕ. ನಾನು ಬಿಟ್ಟ ಟೀಚರ್ ಕೆಲಸ ವಾಪಸ್ ಬಂದಾಗ ಸಿಗಲಿಲ್ಲ. ಈಗ ಟ್ಯೂಷನ್ ಹೇಳುತ್ತೇನೆ. ಬ್ಯಾಂಕ್ ಕೆಲಸ ಬಿಡಿ ಅನ್ನೋದು ಸುಲಭ.

ನಿಗಡಿ:
ಸುಲಭ ಅಂತ ನಾನು ಎಲ್ಲಿ ಹೇಳಿದೆ? ಬಿ2 ಎರಡು ಸಲ ಬರೆದು ಪಾಸಾದವಳು ನಾನು. ಇನ್ನೊಂದು ಮಾತು, ಹೆಂಡತಿ ಪುಣೆಯಲ್ಲೇ ಉಳಿದರೆ ಗಂಡನಿಗೆ ಅಲ್ಲಿ ತೆರಿಗೆ ಕಮ್ಮಿ ಹಿಡಿಯುವ ಟ್ಯಾಕ್ಸ್ ಕ್ಲಾಸ್ 3 ಸಿಗಲ್ಲ, ಒಂಟಿಯವರ ಕ್ಲಾಸ್ 1ರಲ್ಲೇ ಕಡಿತ. ಆರು ತಿಂಗಳು ಬಿಟ್ಟು ಹೋಗುವವರು ಈ ಲೆಕ್ಕವನ್ನೂ ಹಾಕಬೇಕು. ಜೊತೆಗಿದ್ದರೆ, ಗಂಡನದು ಸರ್ಕಾರಿ ಹೆಲ್ತ್ ಇನ್ಶೂರೆನ್ಸ್ ಆದರೆ, ದುಡಿಮೆ ಇಲ್ಲದ ಹೆಂಡತಿಗೆ ಬೇರೆ ದುಡ್ಡಿಲ್ಲ.

ಹಡಪ್ಸರ್:
ನಾವು ಸ್ಟುಟ್‌ಗಾರ್ಟ್‌ನಲ್ಲೇ ಇದ್ದವರು. ಅಲ್ಲಿ ಕೇರ್‌ವೋಖೆ ಅಂತ ಇದೆ. ಸರದಿ ಬಂದ ವಾರ ನಿಮ್ಮ ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರೆ. ಮೆಟ್ಟಿಲು ಒರೆಸಬೇಕು, ಚಳಿಗಾಲದಲ್ಲಿ ಎದುರಿನ ಹಿಮ ತೆಗೆಯಬೇಕು. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಸಂದಿಯಲ್ಲಿ ಬೆರಳು ಆಡಿಸಿ ಧೂಳು ತೋರಿಸುತ್ತಿದ್ದರು. ಇಂಜಿನಿಯರ್ ಆಗಿ ಹೋಗಿ ಇನ್ನೊಬ್ಬರ ಮೆಟ್ಟಿಲು ಒರೆಸೋದು ನನಗೆ ಇವತ್ತಿಗೂ ಸರಿ ಅನ್ನಿಸಲ್ಲ.

ಇನ್ನೊಂದು, ಬಾಗಿಲು. ಹೊರಗಡೆ ಹಿಡಿ ತಿರುಗುವುದಿಲ್ಲ, ಎಳೆದುಕೊಂಡರೆ ಮುಗಿಯಿತು. ಭಾನುವಾರ ರಾತ್ರಿ ಇವಳು ಕಸ ಹಾಕಲು ಇಳಿದಳು, ಗಾಳಿಗೆ ಬಾಗಿಲು ಬಿತ್ತು, ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಬೀಗದವನು ಬಂದು ಎರಡು ನಿಮಿಷದಲ್ಲಿ ತೆಗೆದು 390 ಯೂರೋ ತಗೊಂಡ. ಭಾನುವಾರದ ರೇಟಂತೆ.

ನಿಗಡಿ:
ನಿಮ್ಮದೇ ಮೆಟ್ಟಿಲು ನೀವು ಒರೆಸಿದರೆ ಏನು ಕಮ್ಮಿ ಆಗುತ್ತೆ ಸರ್? ಹಡಪ್ಸರ್‌ನಲ್ಲಿ ಮನೆಕೆಲಸದ ಬಾಯಿ ಬಂದು ಒರೆಸುತ್ತಾಳಲ್ಲ, ಅವಳಿಗೆ ಕೈ ನೋಯಲ್ವಾ?

ಹಡಪ್ಸರ್:
ನಮ್ಮ ಮನೆ ಬಾಯಿಗೆ ನಾವು ಎಷ್ಟು ಕೊಡುತ್ತೇವೆ ಅಂತ ನಿಮಗೆ ಗೊತ್ತಿಲ್ಲ. ಸುಮ್ನೆ ಮಾತಾಡಬೇಡಿ.

ಠಾಣೆ:
ಜಗಳ ಸಾಕು. ಯಾರೂ ಹೇಳದ ವಿಷಯ ಒಂದಿದೆ, ಟಪಾಲು ಡಬ್ಬಿ. ಡಬ್ಬಿಯ ಮೇಲೆ ಹೆಸರು ಇಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತೆ. ನಮ್ಮ ಕಡೆಯ ಹೆಸರುಗಳು ಗೊತ್ತಲ್ಲ, ಇವರಿಗೆ ಅಪ್ಪನ ಹೆಸರು ಕೊನೆಗೆ, ನನಗೆ ಊರಿನ ಹೆಸರು ಕೊನೆಗೆ. ಡಬ್ಬಿಯ ಮೇಲೆ ಮನೆ ಮಾಲೀಕರು ಇವರದೊಂದೇ ಹಾಕಿದ್ದರು. ನನ್ನ ಬ್ಯಾಂಕ್ ಕಾರ್ಡ್, ಇನ್ಶೂರೆನ್ಸ್ ಕಾರ್ಡ್, ಟ್ಯಾಕ್ಸ್ ನಂಬರಿನ ಪತ್ರ ಎಲ್ಲ ವಾಪಸ್. ಟ್ಯಾಕ್ಸ್ ನಂಬರ್ ಕೊಡಲಾಗದೆ ನನ್ನ ಮೊದಲ ಸಂಬಳ ಎಲ್ಲಕ್ಕಿಂತ ಹೆಚ್ಚು ತೆರಿಗೆ ಹಿಡಿಯುವ ಕ್ಲಾಸ್ 6ರಲ್ಲಿ ಕಡಿತವಾಗಿ ಬಂತು, ಕೈಗೆ ಅರ್ಧವೂ ಸಿಗಲಿಲ್ಲ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಎರಡೂ ಹೆಸರು ಹಾಕಿಸಿ. ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡುವಾಗಲೂ ಸ್ಪೆಲ್ಲಿಂಗ್ ನೋಡಿಕೊಳ್ಳಿ.

ಕೋಥ್ರೂಡ್‌ನವರೇ, ನೀವು ಅಲ್ಲಿ ಕಟ್ಟಿದ ಪೆನ್ಶನ್ ವಾಪಸ್ ತಗೊಂಡಿರಾ? 60 ತಿಂಗಳಿಗಿಂತ ಕಮ್ಮಿ ಕಟ್ಟಿ ಭಾರತಕ್ಕೆ ಬಂದವರಿಗೆ, 24 ತಿಂಗಳು ಕಳೆದ ಮೇಲೆ, ನಿಮ್ಮ ಪಾಲಿನ ದುಡ್ಡು ಕೊಡುತ್ತಾರೆ. ಕಂಪನಿಯ ಪಾಲು ಬರಲ್ಲ.

ಕೋಥ್ರೂಡ್:
ಇಲ್ಲ, ತಗೊಂಡಿಲ್ಲ. ನಾವು ಬಂದು ಮೂರು ವರ್ಷ ಆಯಿತು. ಅರ್ಜಿ ಇಲ್ಲಿಂದಲೇ ಕಳಿಸಬಹುದಾ? ಏನೇನು ಕಾಗದ ಬೇಕು?

ಠಾಣೆ:
ಇಲ್ಲಿಂದಲೇ ಆಗುತ್ತೆ. ನಾನು ಕಳಿಸಿದ ಕಾಗದಗಳ ಪಟ್ಟಿ ಮನೆಯಲ್ಲಿದೆ, ರಾತ್ರಿ ಹಾಕುತ್ತೇನೆ. ನಿಮ್ಮ ಅಲ್ಲಿಯ ಪೆನ್ಶನ್ ನಂಬರ್ ಹುಡುಕಿಟ್ಟುಕೊಳ್ಳಿ, ಹಳೆಯ ಸಂಬಳದ ಚೀಟಿಯಲ್ಲಿ ಇರುತ್ತೆ.

ಡೊಂಬಿವಲಿ:
ನಮಗೂ ಹಾಕಿ.